ಗೊತ್ತು, ಆದರೆ ಬರುವುದಿಲ್ಲ



ಕಳೆದ ಸಂಚಿಕೆಯಲ್ಲಿ ‘ಟೇಕ್’ ಎಂಬ ಇಂಗ್ಲಿಷ್ ಕ್ರಿಯಾಪದ ಕನ್ನಡಕ್ಕೆ ಬಂದಾಗ ಎಷ್ಟು ವೇಷ ಹಾಕುತ್ತದೆ ಎಂಬುದನ್ನು ನೋಡಿದೆವು. ಈ ಸಲದ ಪದ ಇನ್ನೂ ಚಿಕ್ಕದು. ನೀವು ದಿನಕ್ಕೆ ನೂರು ಸಲ ಆಡುವಂಥದು. ‘ನೋ’. ಬೇಡ ಎನ್ನುವ ‘ನೋ’ ಅಲ್ಲ. ಕೆ, ಎನ್, ಓ, ಡಬ್ಲ್ಯೂ ಎಂಬ ನಾಲ್ಕಕ್ಷರದ ‘ನೋ’. ‘ಐ ನೋ’, ‘ಯು ನೋ’, ‘ಐ ಡೋಂಟ್ ನೋ’ - ಈ ಮೂರನ್ನು ತೆಗೆದುಬಿಟ್ಟರೆ ನಿಮ್ಮ ಕಾಲೇಜಿನ ಕ್ಯಾಂಟೀನು ಅರ್ಧ ಮೌನವಾದೀತು.

ಇದರ ಅರ್ಥ ಕೇಳಿದರೆ ನೀವೆಲ್ಲ ಒಂದೇ ಉಸಿರಿಗೆ ‘ಗೊತ್ತು’ ಎನ್ನುತ್ತೀರಿ. ತೊಡಕಿರುವುದು ಅಲ್ಲೇ. ಇಂಗ್ಲಿಷ್ ಒಂದೇ ಡಬ್ಬಿಯಲ್ಲಿ ತುಂಬಿಟ್ಟದ್ದನ್ನು ಕನ್ನಡ ಐದಾರು ಡಬ್ಬಿಗಳಲ್ಲಿ ಬೇರೆಬೇರೆಯಾಗಿ ಇಟ್ಟಿದೆ. ಯಾವಾಗ ಯಾವ ಡಬ್ಬಿಗೆ ಕೈಹಾಕಬೇಕೆಂದು ಕಲಿತರೆ ನಿಮ್ಮ ಕನ್ನಡವೂ ನೆಟ್ಟಗಾಗುತ್ತದೆ, ಇಂಗ್ಲಿಷೂ ನೆಟ್ಟಗಾಗುತ್ತದೆ. ಅದಕ್ಕಿಂತ ಮುಖ್ಯವಾದ ಇನ್ನೊಂದು ಮಾತಿದೆ. ಅದಕ್ಕೆ ಆಮೇಲೆ ಬರೋಣ.

ಮೊದಲು ಆ ಮೂಕ ‘ಕೆ’ಯ ಕಥೆ. ಬಾಯಲ್ಲಿ ಇಲ್ಲದ ‘ಕೆ’ ಬರವಣಿಗೆಯಲ್ಲಿ ಏಕೆ ಕುಳಿತಿದೆ? ಹಿಂದೆ ಇಂಗ್ಲಿಷರು ಅದನ್ನು ಉಚ್ಚರಿಸುತ್ತಿದ್ದರು. ‘ನೀ’, ‘ನೈಫ್’, ‘ನಾಟ್’ ಮುಂತಾದ ಪದಗಳಲ್ಲೂ ಅಷ್ಟೇ. ಸುಮಾರು 17ನೆಯ ಶತಮಾನದ ಹೊತ್ತಿಗೆ ಉಚ್ಚಾರ ಸವೆಯಿತು, ಕಾಗುಣಿತ ಉಳಿಯಿತು. ಆ ‘ಕೆ’ಯನ್ನು ಮತ್ತೆ ಸೇರಿಸಿ ‘ಕ್ನೋ’ ಎಂದು ಹೇಳಿ ನೋಡಿ. ಈಗ ಸಂಸ್ಕೃತದ ‘ಜ್ಞಾ’ ಧಾತುವನ್ನು ಅದರ ಪಕ್ಕದಲ್ಲಿ ನಿಲ್ಲಿಸಿ. ಇಬ್ಬರೂ ದೂರದ ದಾಯಾದಿಗಳು! ನಾವು ದಿನವೂ ಬಳಸುವ ಜ್ಞಾನ, ವಿಜ್ಞಾನ, ಪ್ರಜ್ಞೆ, ಆಜ್ಞೆ, ಕೃತಜ್ಞತೆ ಎಲ್ಲ ಆ ಧಾತುವಿನ ಸಂತಾನ. ಹಿಂದಿಯ ‘ಜಾನನಾ’, ಮರಾಠಿಯ ‘ಜಾಣಣೇ’ ಕೂಡ ಅದೇ ಮನೆತನ. ಮೊಣಕಾಲಿಗೆ ಇಂಗ್ಲಿಷಿನ ‘ನೀ’, ಸಂಸ್ಕೃತದ ‘ಜಾನು’ - ಅಲ್ಲೂ ಅದೇ ಹೋಲಿಕೆ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಮೂಲದಿಂದ ಬಂದಿರಬೇಕೆಂದು ವಿಲಿಯಂ ಜೋನ್ಸ್ ಕಲ್ಕತ್ತದಲ್ಲಿ 1786ರಲ್ಲಿ ಆಡಿದ ಮಾತು ಇಂಥ ಹೋಲಿಕೆಗಳ ಅಧ್ಯಯನಕ್ಕೆ ಹೆದ್ದಾರಿ ತೆರೆಯಿತು.

ಕನ್ನಡ ಬೇರೆಯೇ ಕುಟುಂಬದ್ದು, ದ್ರಾವಿಡ. ‘ಜ್ಞಾನ’ವನ್ನು ಅದು ಸಂಸ್ಕೃತದಿಂದ ಪಡೆಯಿತು. ಆದರೆ ಅದಕ್ಕೆ ಮೊದಲೇ ತನ್ನ ಮನೆಯಲ್ಲಿ ಈ ಕೆಲಸಕ್ಕೆ ಹಲವು ಪದಗಳನ್ನು ಇಟ್ಟುಕೊಂಡಿತ್ತು. ಒಂದೊಂದಾಗಿ ನೋಡೋಣ.

ನಿಮ್ಮ ಮೆಚ್ಚಿನ ‘ಗೊತ್ತು’ವಿನಿಂದಲೇ ಶುರುಮಾಡೋಣ. ವಿಚಿತ್ರವೆಂದರೆ ಇದು ಕ್ರಿಯಾಪದವೇ ಅಲ್ಲ, ನಾಮಪದ. ಅದಕ್ಕೇ ಇದು ತಾನಾಗಿ ಕಾಲವನ್ನು ಸೂಚಿಸಲಾರದು. ಗೊತ್ತಿದೆ, ಗೊತ್ತಿತ್ತು, ಗೊತ್ತಾಯಿತು ಎಂದು ಯಾರದಾದರೂ ಹೆಗಲು ಹಿಡಿದೇ ನಡೆಯುತ್ತದೆ. ಇದರ ಒಳಗಿರುವ ಅರ್ಥ ‘ನಿಶ್ಚಿತವಾದದ್ದು’, ‘ಗುರಿ’, ‘ನೆಲೆ’. ‘ಗೊತ್ತುಗುರಿ ಇಲ್ಲದೆ ಅಲೆಯುತ್ತಾನೆ’ ಎಂದು ನಿಮ್ಮ ತಂದೆಯವರು ಯಾರನ್ನೋ ಬೈದದ್ದು ಕೇಳಿರಬಹುದು. ಸಂಘದ ಮಹಾಸಭೆಯಲ್ಲಿ ‘ಗೊತ್ತುವಳಿ’ ಮಂಡಿಸುತ್ತಾರಲ್ಲ, ಅದೂ ಇದರ ಮಗುವೇ. ‘ಆಟೋ ಗೊತ್ತು ಮಾಡು’ ಎಂದರೆ ಆಟೋ ನಿಗದಿ ಮಾಡು ಎಂದರ್ಥ. ‘ಅವಳಿಗೆ ಮದುವೆ ಗೊತ್ತಾಗಿದೆ’ ಎಂದು ದೊಡ್ಡಮ್ಮ ಫೋನಿನಲ್ಲಿ ಹೇಳಿದರೆ, ‘ಯಾರ ಮದುವೆ? ಅವಳಿಗೆ ಯಾರು ಹೇಳಿದರು?’ ಎಂದು ಕೇಳಬೇಡಿ. ಅವಳ ಮದುವೆಯೇ ನಿಶ್ಚಯವಾಗಿದೆ! ಹೀಗೆ, ಮನಸ್ಸಿನಲ್ಲಿ ನಿಶ್ಚಿತವಾಗಿ ನೆಲೆಗೊಂಡ ಸಂಗತಿಯೇ ‘ಗೊತ್ತು’. ಅವರ ವಿಳಾಸ ಗೊತ್ತು, ರೈಲಿನ ಸಮಯ ಗೊತ್ತು, ಪರೀಕ್ಷೆಯ ತಾರೀಕು ಗೊತ್ತು. ಧಾರವಾಡದ ಕಡೆಯವರು ‘ಗೊತ್ತೈತಿ’, ‘ಗೊತ್ತದ’ ಎನ್ನುತ್ತಾರೆ, ಮಾತು ಒಂದೇ.

ಎರಡನೆಯದು ‘ತಿಳಿ’. ಕದಡಿದ ನೀರನ್ನು ಸುಮ್ಮನೆ ಬಿಟ್ಟರೆ ಮಣ್ಣು ತಳಕ್ಕಿಳಿದು ಮೇಲೆ ನಿಲ್ಲುವುದು ತಿಳಿನೀರು. ಪಾತ್ರೆಯ ಮೇಲ್ಭಾಗದಿಂದ ಬಗ್ಗಿಸಿಕೊಳ್ಳುವುದು ತಿಳಿಸಾರು. ಮಳೆ ನಿಂತರೆ ಆಕಾಶ ತಿಳಿಯಾಗುತ್ತದೆ. ಅದೇ ಪದ ಬುದ್ಧಿಗೂ ಬಂದಿದೆ: ಗೊಂದಲ ಇಳಿದು ವಿಷಯ ಸ್ಪಷ್ಟವಾದರೆ ‘ತಿಳಿಯಿತು’. ಇಂಗ್ಲಿಷಿನ ‘ಲೆಟ್ ಮಿ ನೋ’ ಎಂಬುದಕ್ಕೆ ‘ನನಗೆ ಗೊತ್ತಾಗಲು ಬಿಡಿ’ ಎಂದು ಅಕ್ಷರಕ್ಕಕ್ಷರ ಬರೆದರೆ ನಗೆಪಾಟಲು. ‘ತಿಳಿಸಿ’ - ಮೂರಕ್ಷರ ಸಾಕು.

ಮೂರನೆಯದು ‘ಅರಿ’. ತಮಿಳು, ಮಲಯಾಳಗಳಲ್ಲೂ ಇದೇ ಪದವಿದೆ. ಇದು ಕೇವಲ ಮಾಹಿತಿಯಲ್ಲ, ಒಳಗಿನ ಎಚ್ಚರ. ‘ಅವನಿಗೆ ತನ್ನ ಜವಾಬ್ದಾರಿಯ ಅರಿವಿಲ್ಲ’ ಎಂದಾಗ ಜವಾಬ್ದಾರಿಯ ಪಟ್ಟಿ ಅವನಿಗೆ ಗೊತ್ತಿಲ್ಲವೆಂದಲ್ಲ. ಪಟ್ಟಿ ಬಾಯಿಪಾಠವಾಗಿರಬಹುದು, ಮನಸ್ಸಿಗೆ ಹತ್ತಿಲ್ಲ. 12ನೆಯ ಶತಮಾನದ ವಚನಕಾರರು ‘ಅರಿವು’ ಎಂಬ ಪದಕ್ಕೆ ಬಹಳ ಎತ್ತರದ ಸ್ಥಾನ ಕೊಟ್ಟರು. ಕ್ಯಾಂಟೀನಿನಲ್ಲಿ ಇದನ್ನು ಬಳಸಬೇಕಾಗಿಲ್ಲ. ಪುಸ್ತಕದಲ್ಲಿ ಎದುರಾದಾಗ ಗುರುತು ಹಿಡಿದರೆ ಸಾಕು.

ನಾಲ್ಕನೆಯದು ನನಗೆ ಬಹಳ ಇಷ್ಟವಾದದ್ದು: ‘ಬಲ್ಲೆ’. ‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬ ಗಾದೆ ಕೇಳಿದ್ದೀರಲ್ಲ? ಇಲ್ಲಿ ‘ಊಟ ಗೊತ್ತಿರುವವನಿಗೆ’ ಎಂದು ಹಾಕಿ ನೋಡಿ. ಗಾದೆಯ ಜೀವವೇ ಹೋಗುತ್ತದೆ. ಊಟ ಯಾರಿಗೆ ಗೊತ್ತಿಲ್ಲ? ಎಷ್ಟು, ಯಾವಾಗ, ಹೇಗೆ ಉಣ್ಣಬೇಕೆಂದು ಪಳಗಿದವನು ಬಲ್ಲವನು. ಇನ್ನೂ ಒಂದು ಸ್ವಾರಸ್ಯವಿದೆ. ಇದೇ ‘ಬಲ್ಲೆ’ ಇನ್ನೊಂದು ಕ್ರಿಯಾಪದದ ಬಾಲಕ್ಕೆ ಸೇರಿದರೆ ಸಾಮರ್ಥ್ಯ ಸೂಚಿಸುತ್ತದೆ: ಮಾಡಬಲ್ಲೆ, ಓದಬಲ್ಲೆ, ಈಜಬಲ್ಲೆ. ಇಂಗ್ಲಿಷಿನಲ್ಲಿ ಇದಕ್ಕೆ ‘ಕ್ಯಾನ್’. ಆ ‘ಕ್ಯಾನ್’ ಎಲ್ಲಿಂದ ಬಂತು ಗೊತ್ತೇ? ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ‘ತಿಳಿದಿರುವುದು, ಬಲ್ಲವನಾಗಿರುವುದು’ ಎಂಬ ಅರ್ಥವಿತ್ತು; ಅದೂ ‘ನೋ’ವಿನ ಬಂಧುವೇ. ಕುಟುಂಬ ಬೇರೆ, ಖಂಡ ಬೇರೆ. ಆದರೂ ಬಲ್ಲವನೇ ಮಾಡಬಲ್ಲವನು ಎಂಬ ಅನುಭವ ಎರಡೂ ಕಡೆ ಒಂದೇ.

ಮನುಷ್ಯರ ವಿಷಯಕ್ಕೆ ಬಂದರೆ ಇನ್ನೂ ಎಚ್ಚರ ಬೇಕು. ಫ್ರೆಂಚರು ಸಂಗತಿಯನ್ನು ತಿಳಿದಿರಲು ‘ಸಾವ್ವಾರ್’, ವ್ಯಕ್ತಿಯನ್ನು ತಿಳಿದಿರಲು ‘ಕೊನೆತ್ರ್’ ಎಂದು ಬೇರೆಬೇರೆ ಪದ ಇಟ್ಟುಕೊಂಡಿದ್ದಾರೆ. ಜರ್ಮನ್ನರಿಗೆ ‘ವಿಸ್ಸನ್’, ‘ಕೆನ್ನನ್’. ಕನ್ನಡದಲ್ಲಿ ಮೂರು ಮೆಟ್ಟಿಲು. ‘ಅನಿಲ್ ಕುಂಬ್ಳೆ ಗೊತ್ತು’ - ಯಾರೆಂದು ಗೊತ್ತು, ಅಷ್ಟೇ. ಇಂಗ್ಲಿಷಿನ ‘ನೋ ಆಫ್’. ‘ಅವರ ಪರಿಚಯವಿದೆ’ - ಎದುರು ಸಿಕ್ಕರೆ ಅವರೂ ನಿಮ್ಮನ್ನು ಗುರುತಿಸುತ್ತಾರೆ. ‘ಅವರನ್ನು ನಾನು ಬಲ್ಲೆ’ - ಅವರ ಗುಣ ಸ್ವಭಾವಗಳಿಗೆ ನೀವು ಸಾಕ್ಷಿ ಹೇಳಬಹುದು. ನೌಕರಿಗೆ ಶಿಫಾರಸು ಮಾಡುವವರು ಮೂರನೆಯ ಮೆಟ್ಟಿಲಲ್ಲಿರಬೇಕು. ಮೊದಲನೆಯದರಲ್ಲಿ ನಿಂತು ‘ನನಗೆ ಚೆನ್ನಾಗಿ ಗೊತ್ತು’ ಎನ್ನುವವರನ್ನು ನಂಬಬೇಡಿ.

ಇನ್ನು ಐದನೆಯದು. ಇವತ್ತಿನ ಪಾಠದ ತಿರುಳು ಇಲ್ಲಿದೆ. ‘ಡು ಯು ನೋ ಕನ್ನಡ?’ ಎಂಬುದನ್ನು ಕನ್ನಡದಲ್ಲಿ ಹೇಗೆ ಕೇಳುತ್ತೀರಿ? ನಿಮ್ಮಲ್ಲಿ ಹಲವರು ‘ನಿಂಗೆ ಕನ್ನಡ ಗೊತ್ತಾ?’ ಎನ್ನುತ್ತೀರಿ. ತಪ್ಪೇನಲ್ಲ. ಆದರೆ ಸಹಜವಾದ ಮಾತು ‘ಕನ್ನಡ ಬರುತ್ತದೆಯೇ?’ ಬರುತ್ತದೆ! ಭಾಷೆ ನಮ್ಮ ಬಳಿಗೆ ನಡೆದು ಬರುವ ವಸ್ತು. ಈಜು ಬರುತ್ತದೆ, ಅಡುಗೆ ಬರುತ್ತದೆ, ಸೈಕಲ್ ಹೊಡೆಯಲು ಬರುತ್ತದೆ. ಮಾಡಿ ಮಾಡಿ ಕೈಗೆ, ನಾಲಿಗೆಗೆ ಹತ್ತುವ ಎಲ್ಲ ವಿದ್ಯೆಗಳೂ ಕನ್ನಡದಲ್ಲಿ ‘ಬರುತ್ತವೆ’. ‘ಆ ಹಾಡು ನನಗೆ ಗೊತ್ತು’ ಎಂದರೆ ಹಾಡು ಯಾವುದೆಂದು ಗೊತ್ತು. ‘ಆ ಹಾಡು ನನಗೆ ಬರುತ್ತದೆ’ ಎಂದರೆ ಸಂಘದ ವಾರ್ಷಿಕೋತ್ಸವದಲ್ಲಿ ನಿಮ್ಮ ಕೈಗೆ ಮೈಕ್ ಕೊಡುತ್ತಾರೆ. ಹುಷಾರಾಗಿ ಹೇಳಿ!

ನೀವಿರುವ ಊರಿನ ಭಾಷೆಯನ್ನೇ ಗಮನಿಸಿ. ಮುಂಬಯಿ, ಪುಣೆಯವರು ‘ಮಲಾ ಮರಾಠಿ ಯೇತೇ’ ಎನ್ನುತ್ತಾರೆ. ದೆಹಲಿಯಲ್ಲಿ ‘ಮುಝೇ ಹಿಂದೀ ಆತೀ ಹೈ’. ಹೈದರಾಬಾದಿನಲ್ಲಿ ‘ನಾಕು ತೆಲುಗು ವಚ್ಚು’. ಮನೆಮಾತು ತುಳುವಾದರೆ ‘ಎಂಕ್ ತುಳು ಬರ್ಪುಂಡು’, ಕೊಂಕಣಿಯಾದರೆ ‘ಮ್ಹಾಕಾ ಕೊಂಕಣಿ ಯೆತಾ’. ಎಲ್ಲ ಕಡೆಯೂ ಭಾಷೆ ಬರುವುದೇ. ಚೆನ್ನೈಯವರು ಮಾತ್ರ ‘ಎನಕ್ಕು ತಮಿಳ್ ತೆರಿಯುಂ’ ಎನ್ನುತ್ತಾರೆ. ಆ ‘ತೆರಿ’ಗೆ ಕಣ್ಣಿಗೆ ಕಾಣು ಎಂಬ ಅರ್ಥವೂ ಇದೆ. ಕುಟುಂಬಗಳು ಬೇರೆಯಾದರೂ ಸಾವಿರಾರು ವರ್ಷ ಅಕ್ಕಪಕ್ಕದಲ್ಲಿ ಬಾಳಿದ ಭಾಷೆಗಳು ಒಂದರ ನಡೆಯನ್ನು ಇನ್ನೊಂದು ಕಲಿತಿವೆ. ಎಮಿನೋ ಎಂಬ ವಿದ್ವಾಂಸರು 1956ರ ಒಂದು ಪ್ರಸಿದ್ಧ ಲೇಖನದಲ್ಲಿ ಭಾರತವನ್ನು ಒಂದು ‘ಭಾಷಾವಲಯ’ ಎಂದು ಕರೆದದ್ದು ಇಂಥ ಸಾಮ್ಯಗಳನ್ನು ನೋಡಿಯೇ.

ಇನ್ನೊಂದು ಸೂಕ್ಷ್ಮ. ‘ಐ ನೋ’ ಎನ್ನುವಾಗ ‘ಐ’ ಯಜಮಾನ. ತಿಳಿಯುವ ಕೆಲಸ ಅವನದು. ಕನ್ನಡದಲ್ಲಿ ‘ನಾನು’ ಅಲ್ಲ, ‘ನನಗೆ’. ನನಗೆ ಗೊತ್ತು, ನನಗೆ ತಿಳಿಯಿತು, ನನಗೆ ಬರುತ್ತದೆ - ನನಗೆ ನಿದ್ದೆ ಬಂತು, ನನಗೆ ಹಸಿವಾಯಿತು ಎಂದಂತೆಯೇ. ನಾನು ಇಲ್ಲಿ ಮಾಡುವವನಲ್ಲ, ಪಡೆಯುವವನು. ಹಳೆಯ ಇಂಗ್ಲಿಷಿನಲ್ಲೂ ಈ ಜಾಡು ಇತ್ತು. ಶೇಕ್ಸ್‌ಪಿಯರ್ ನಾಟಕಗಳಲ್ಲಿ ಕಾಣುವ ‘ಮಿಥಿಂಕ್ಸ್’ ಎಂಬ ಪದದ ಅರ್ಥ ‘ನನಗೆ ತೋರುತ್ತದೆ’ ಎಂದು. ‘ಬಲ್ಲೆ’ಗೆ ಮಾತ್ರ ‘ನಾನು’ ಬೇಕು: ನಾನು ಬಲ್ಲೆ. ಬರುತ್ತಾ ಬರುತ್ತಾ ಪಳಗಿದವನಿಗೆ ಕನ್ನಡ ಆ ಯಜಮಾನಿಕೆ ಕೊಡುತ್ತದೆ.

ಈಗ ನಿಮ್ಮ ಇಂಗ್ಲಿಷಿಗೆ ನಾಲ್ಕು ಚುಟುಕು ಸೂಚನೆ. ಒಂದು: ‘ಐ ಆ್ಯಮ್ ನೋಯಿಂಗ್’, ‘ಯು ಮಸ್ಟ್ ಬಿ ನೋಯಿಂಗ್’ ಬೇಡ. ತಿಳಿದಿರುವುದು ಒಂದು ಸ್ಥಿತಿ, ನಡೆಯುತ್ತಿರುವ ಕೆಲಸವಲ್ಲ. ‘ಐ ನೋ’, ‘ಯು ಮಸ್ಟ್ ನೋ’ ಸಾಕು. ಎರಡು: ‘ಹತ್ತು ವರ್ಷದಿಂದ ಗೊತ್ತು’ ಎಂಬುದು ಕನ್ನಡದಲ್ಲಿ ವರ್ತಮಾನ. ಇಂಗ್ಲಿಷಿನಲ್ಲಿ ‘ಐ ಹ್ಯಾವ್ ನೋನ್ ಹಿಮ್ ಫಾರ್ ಟೆನ್ ಇಯರ್ಸ್’ ಎನ್ನಬೇಕು. ‘ಸಿನ್ಸ್ ಟೆನ್ ಇಯರ್ಸ್’ ಅಲ್ಲ. ಇಸವಿ ಹೇಳುವುದಾದರೆ ಮಾತ್ರ ‘ಸಿನ್ಸ್ 2015’. ಮೂರು: ‘ಐ ನೋ ಸ್ವಿಮ್ಮಿಂಗ್’ ನಮ್ಮ ‘ಈಜು ಗೊತ್ತು’ವಿನ ನೆರಳು, ‘ಐ ಕ್ಯಾನ್ ಸ್ವಿಮ್’ ಅಥವಾ ‘ಐ ನೋ ಹೌ ಟು ಸ್ವಿಮ್’ ಸರಿ. ನಾಲ್ಕು: ‘ನಿನ್ನೆ ಗೊತ್ತಾಯಿತು’ ಎಂಬುದಕ್ಕೆ ನಾವೆಲ್ಲ ‘ಐ ಕೇಮ್ ಟು ನೋ’ ಎನ್ನುತ್ತೇವೆ. ಇಂಗ್ಲಿಷರಿಗೆ ಅದು ನಿಧಾನವಾಗಿ ಪರಿಚಯ ಬೆಳೆದಂತೆ ಕೇಳಿಸುತ್ತದೆ. ‘ಐ ಫೌಂಡ್ ಔಟ್’ ಅಥವಾ ‘ಐ ಹರ್ಡ್’ ಎನ್ನಿ.

ಇರಲಿ. ಆಮೇಲೆ ಬರೋಣ ಎಂದಿದ್ದ ಮಾತು ಈಗ.

ಹೊರನಾಡಿನಲ್ಲಿ ಹುಟ್ಟಿ ಬೆಳೆದ ನಿಮ್ಮ ಬಾಯಲ್ಲಿ ಒಂದು ವಾಕ್ಯ ಸದಾ ಸಿದ್ಧವಾಗಿರುತ್ತದೆ: ‘ಅರ್ಥ ಆಗುತ್ತೆ, ಆದರೆ ಮಾತಾಡಕ್ಕೆ ಬರಲ್ಲ.’ ಇಂಗ್ಲಿಷಿನಲ್ಲಾದರೆ ಧೈರ್ಯವಾಗಿ ‘ಐ ನೋ ಕನ್ನಡ’ ಎಂದುಬಿಡಬಹುದು. ಆ ಒಂದೇ ಡಬ್ಬಿ ಎಲ್ಲವನ್ನೂ ಮುಚ್ಚುತ್ತದೆ. ಕನ್ನಡ ಮುಚ್ಚಲು ಬಿಡುವುದಿಲ್ಲ. ಗೊತ್ತಿರುವುದು ಬೇರೆ, ಬರುವುದು ಬೇರೆ ಎಂದು ಅದು ಎರಡು ಪದಗಳಲ್ಲಿ ಕೇಳುತ್ತದೆ.

2011ರ ಜನಗಣತಿಯ ನಮೂನೆಯಲ್ಲಿ ಮಾತೃಭಾಷೆಗೆ ಒಂದು ಕಲಮು, ತಿಳಿದಿರುವ ಇತರ ಭಾಷೆಗಳಿಗೆ ಇನ್ನೊಂದು ಕಲಮು ಇತ್ತು. ಮಾತೃಭಾಷೆ ಎಂದರೇನು? ಜನಗಣತಿಯ ವ್ಯಾಖ್ಯೆಯಂತೆ, ಬಾಲ್ಯದಲ್ಲಿ ತಾಯಿ ನಿಮ್ಮೊಡನೆ ಆಡಿದ ಭಾಷೆ. ಗಮನಿಸಿ: ನೀವು ಆಡುವ ಭಾಷೆ ಅಲ್ಲ, ತಾಯಿ ಆಡಿದ ಭಾಷೆ. ನೀವು ಬಾಯಿಬಿಚ್ಚದಿದ್ದರೂ ಆ ಕಲಮಿನಲ್ಲಿ ‘ಕನ್ನಡ’ ಎಂದು ಬರೆಯುವ ಹಕ್ಕು ನಿಮಗಿದೆ. ಆದರೆ ನಾಳೆ ನಿಮ್ಮ ಮಗು ಅದೇ ಕಲಮಿನಲ್ಲಿ ಏನು ಬರೆಯುತ್ತದೆ ಎಂಬುದು, ಇವತ್ತಿನ ಹುಡುಗಿಯರೇ, ನಿಮ್ಮ ನಾಲಿಗೆಯ ಮೇಲಿದೆ. ಹುಡುಗರೂ ನಗಬೇಕಾಗಿಲ್ಲ, ಮನೆ ಇಬ್ಬರದೂ.

ಕಿವಿಗೆ ಬಿದ್ದದ್ದು ವ್ಯರ್ಥವಲ್ಲ ಎಂಬುದಕ್ಕೆ ಆಧಾರವಿದೆ. ಚಿಕ್ಕಂದಿನಲ್ಲಿ ಮನೆಯಲ್ಲಿ ಸ್ಪ್ಯಾನಿಷ್ ಕೇಳುತ್ತ ಬೆಳೆದು, ಆದರೆ ಅದನ್ನು ಹೆಚ್ಚಾಗಿ ಆಡದ ಅಮೆರಿಕದ ವಿದ್ಯಾರ್ಥಿಗಳನ್ನು ಟೆರ್ರಿ ಔ ಮತ್ತು ಸಂಗಡಿಗರು ಪರೀಕ್ಷಿಸಿ 2002ರಲ್ಲಿ ಫಲಿತಾಂಶ ಪ್ರಕಟಿಸಿದರು. ಕಾಲೇಜಿನಲ್ಲಿ ಆ ಭಾಷೆ ಕಲಿಯತೊಡಗಿದಾಗ ಇವರ ಉಚ್ಚಾರ, ಮೊದಲ ಸಲ ಕಲಿಯುವವರಿಗಿಂತ ಎಷ್ಟೋ ಚೆನ್ನಾಗಿತ್ತು. ವ್ಯಾಕರಣದಲ್ಲಿ ಮಾತ್ರ ಅಂಥ ಲಾಭ ಕಾಣಲಿಲ್ಲ. ನಿಮ್ಮ ಸ್ಥಿತಿಯೂ ಇದೇ. ‘ಹಳ್ಳಿ’ಗೂ ‘ಹಲ್ಲಿ’ಗೂ ಇರುವ ಭೇದ ನಿಮ್ಮ ಕಿವಿಗೆ ಬಾಲ್ಯದಲ್ಲೇ ಬಿದ್ದಿದೆ, ದೊಡ್ಡವರಾದ ಮೇಲೆ ಕಲಿಯುವವರು ಅದಕ್ಕಾಗಿ ಒದ್ದಾಡುತ್ತಾರೆ. ಉಳಿದದ್ದು ಆಡಿಯೇ ಬರಬೇಕು. ಸೈಕಲ್ಲಿನ ಮೇಲೆ ಕೂರದೆ ಸೈಕಲ್ ಬರುವುದಿಲ್ಲ.

ತಡಮಾಡಬೇಡಿ ಎನ್ನಲು ಕಾರಣವಿದೆ. ಕನ್ನಡದಲ್ಲಿ ‘ಕೇಳು’ ಎಂಬ ಪದಕ್ಕೆ ಎರಡರ್ಥ: ಕಿವಿಯಿಂದ ಕೇಳುವುದು, ಬಾಯಿಂದ ಪ್ರಶ್ನೆ ಕೇಳುವುದು. ನಿಮಗೆ ಮೊದಲನೆಯದು ಬರುತ್ತದೆ, ಎರಡನೆಯದು ಬರುವುದಿಲ್ಲ. ಅಜ್ಜಿ ಹಳೆಯ ಫೋಟೋ ತೋರಿಸಿ, ‘ಇವಳು ನನ್ನ ತಂಗಿ, ಹದಿನಾರಕ್ಕೇ ಹೋಗಿಬಿಟ್ಟಳು’ ಎನ್ನುತ್ತಾರೆ. ನಿಮಗೆ ಪೂರ್ತಿ ಅರ್ಥವಾಗುತ್ತದೆ. ‘ಏನಾಗಿತ್ತು? ಹೇಗಿದ್ದರು ಅವರು? ನಿಮ್ಮಿಬ್ಬರಿಗೂ ಜಗಳ ಆಗುತ್ತಿತ್ತಾ?’ ಎಂದು ಕೇಳಬೇಕೆನಿಸುತ್ತದೆ. ಬಾಯಿಗೆ ಬರುವುದಿಲ್ಲ. ತಲೆಯಾಡಿಸುತ್ತೀರಿ, ಅಜ್ಜಿ ಆಲ್ಬಮ್ ಮಡಚುತ್ತಾರೆ. ಕನ್ನಡವಲ್ಲದೆ ಇನ್ನೊಂದು ಭಾಷೆ ಬಾರದ ಒಬ್ಬರಾದರೂ ನಿಮ್ಮ ಬಳಗದಲ್ಲಿದ್ದಾರೆ. ಅವರು ಇರುವಷ್ಟು ದಿನ ಮಾತ್ರ ಆ ಪ್ರಶ್ನೆಗಳಿಗೆ ಉತ್ತರವಿರುತ್ತದೆ.

ಏನು ಮಾಡಬೇಕು? ಒಬ್ಬರನ್ನು ಆರಿಸಿಕೊಳ್ಳಿ, ಅವರೊಡನೆ ಮಾತ್ರ ಕನ್ನಡದಲ್ಲೇ ಉತ್ತರಿಸುವುದೆಂದು ನಿಶ್ಚಯಿಸಿ. ಶುದ್ಧವಾಗುವವರೆಗೆ ಕಾಯಬೇಡಿ; ‘ಟ್ರೇನು ಲೇಟಾಯ್ತು’ ಎಂಬುದೂ ಕನ್ನಡವೇ. ಪದ ಸಿಗದಿದ್ದರೆ ‘ಇದಕ್ಕೆ ಕನ್ನಡದಲ್ಲಿ ಏನಂತಾರೆ?’ ಎಂದು ಕನ್ನಡದಲ್ಲೇ ಕೇಳಿ. ಈ ಪುಟವನ್ನು ನಿಮಗೆ ಇನ್ನೊಬ್ಬರು ಓದಿ ಹೇಳುತ್ತಿದ್ದರೆ, ಕೊನೆಯ ನಾಲ್ಕು ಸಾಲನ್ನಾದರೂ ಅವರ ಪಕ್ಕ ಕುಳಿತು ನೀವೇ ಓದಿ.

ಹಾಗೆ ಓದಿ ಹೇಳುತ್ತಿರುವ ಹಿರಿಯರಿಗೂ ಒಂದು ಮಾತು. ಮಗು ‘ಅಜ್ಜಿ ಬಂದ’ ಎಂದರೆ ನಗಬೇಡಿ. ಬಂದವರೆದುರು ಅದನ್ನೇ ಮತ್ತೆ ಮತ್ತೆ ಹೇಳಿ ನಗಿಸಬೇಡಿ. ‘ಹೌದು, ಅಜ್ಜಿ ಬಂದರು’ ಎಂದು ಸುಮ್ಮನೆ ಮುಂದುವರಿಯಿರಿ. ಒಂದು ನಗು ಮಗುವಿನ ಬಾಯನ್ನು ಎಷ್ಟೋ ವರ್ಷ ಮುಚ್ಚಿಸಬಲ್ಲದು.

ಕೊನೆಯದಾಗಿ ಒಂದು ಸಣ್ಣ ತಿದ್ದುಪಡಿ. ‘ಬರುವುದಿಲ್ಲ’ ಎಂಬ ಮಾತಿಗೆ ಕನ್ನಡದಲ್ಲಿ ಎರಡು ಅರ್ಥ: ಈಗ ಬರುವುದಿಲ್ಲ, ಮುಂದೆಯೂ ಬರುವುದಿಲ್ಲ. ಇನ್ನು ಮೇಲೆ ಯಾರಾದರೂ ‘ಕನ್ನಡ ಬರುತ್ತಾ?’ ಎಂದು ಕೇಳಿದರೆ ‘ಬರಲ್ಲ’ ಎನ್ನಬೇಡಿ. ‘ಇನ್ನೂ ಪೂರ್ತಿ ಬಂದಿಲ್ಲ’ ಎನ್ನಿ. ಅಷ್ಟು ಹೇಳುವ ಹೊತ್ತಿಗೆ ಮೂರು ಪದದಷ್ಟು ಬಂದಿರುತ್ತದೆ.

ಈ ತಿಂಗಳ ಅಭ್ಯಾಸ: ‘ಐ ನೋ ದಿಸ್ ಪ್ಲೇಸ್’, ‘ಡಸ್ ಶಿ ನೋ ಕುಕಿಂಗ್?’, ‘ಐ ನ್ಯೂ ಇಟ್!’, ‘ಗೆಟ್ ಟು ನೋ ಯುವರ್ ನೇಬರ್ಸ್’ - ಈ ನಾಲ್ಕನ್ನೂ ಕನ್ನಡದಲ್ಲಿ ಹೇಳಿ. ‘ಗೊತ್ತು’ ಎಂಬುದನ್ನು ಒಂದೇ ಸಲ ಬಳಸಬಹುದು. ಉತ್ತರ ಮುಂದಿನ ಸಂಚಿಕೆಯಲ್ಲಿ.